ಪೊವಿಸ್ ಕೋಟೆ: ಟಿಪ್ಪುವಿನ ಹುಲಿಮೊಗ ನೋಡಿ ಹಿಂತಿರುಗುವವರಲ್ಲಿ ಒಂದು ಮನವಿ

ಹಳೇಗೋಡೆ

ಬ್ರಿಟನ್ನಿಗೆ ಹೋಗುವ ಕನ್ನಡಿಗರ ಪ್ರವಾಸಪಟ್ಟಿಯಲ್ಲಿ ಈಚೆಗೆ ವೇಲ್ಸ್‌ನ ಪೊವಿಸ್ ಕೋಟೆಯೂ ಸೇರಿಕೊಳ್ಳುತ್ತಿದೆ. ಸಂತೋಷ. ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಸಾಗಿಹೋದ ಟಿಪ್ಪುವಿನ ಗುಡಾರ, ಸಿಂಹಾಸನದ ಚಿನ್ನದ ಹುಲಿಮೊಗ ಅಲ್ಲಿನ ಕ್ಲೈವ್ ಸಂಗ್ರಹಾಲಯದಲ್ಲಿವೆ. ನಮ್ಮವರು ಹೊರ ಅಂಗಳದಿಂದ ನೇರವಾಗಿ ಆ ಕೋಣೆಗೆ ಹೋಗುತ್ತಾರೆ, ನೋಡುತ್ತಾರೆ, ಮನಸ್ಸು ಭಾರ ಮಾಡಿಕೊಂಡು ಹೊರಬರುತ್ತಾರೆ. ಅಲ್ಲಿಗೆ ಭೇಟಿ ಮುಗಿಯಿತು. ಆ ವಸ್ತುಗಳನ್ನು ಇಟ್ಟುಕೊಂಡಿರುವ ಮನೆಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಇಲ್ಲಿ ಬಂದ ಪ್ರವಾಸ ಬರಹಗಳನ್ನೆಲ್ಲ ಓದಿದ್ದೇನೆ, ಕಟ್ಟಡದ ಬಗ್ಗೆ ಒಂದು ಪ್ಯಾರಾ ಕೂಡ ಸಿಗಲಿಲ್ಲ. ಅದಕ್ಕಾಗಿಯೇ ಈ ಚರ್ಚೆ.

ಪೊವಿಸ್ ಇರುವುದು ಇಂಗ್ಲೆಂಡಿನ ಗಡಿಗೆ ತೀರ ಹತ್ತಿರ, ವೆಲ್ಷ್‌ಪೂಲ್ ಪಟ್ಟಣದ ಪಕ್ಕದ ಕಿರಿದಾದ ಬಂಡೆಯ ಏಣಿನ ಮೇಲೆ. ಕೆಳಗೆ ಸೆವೆರ್ನ್ ನದಿಯ ಕಣಿವೆ. ಕೆಂಪು ಮರಳುಗಲ್ಲಿನ ಗೋಡೆಗಳು. ಕಾನ್ವಿ, ಕಾರ್ನಾರ್ವನ್, ಹಾರ್ಲೆಕ್ ಕೋಟೆಗಳನ್ನು ಇಂಗ್ಲೆಂಡಿನ ಒಂದನೇ ಎಡ್ವರ್ಡ್ ವೇಲ್ಸ್ ಜನರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿಸಿದ. ಪೊವಿಸ್ ಹಾಗಲ್ಲ, ಹದಿಮೂರನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವರು ವೇಲ್ಸ್‌ನದೇ ಒಂದು ರಾಜಮನೆತನದವರು. ಆ ಮನೆತನದ ಗ್ರಿಫಿದ್ ಆಪ್ ಗ್ವೆನ್ವಿನ್ವಿನ್ ತನ್ನ ನೆರೆಯ ವೇಲ್ಸ್ ದೊರೆಗಳೊಂದಿಗೆ ಕಾದಾಡಿಕೊಂಡು ಇಂಗ್ಲೆಂಡಿನ ಪಕ್ಷ ಹಿಡಿದವನು. ಆ ಜಗಳದ ಗುರುತೇ ಈ ಕೋಟೆ. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಇದನ್ನು ಕೊಂಡ. ಅಲ್ಲಿಂದ ಮುಂದೆ ಕೋಟೆ ಮನೆಯಾಗತೊಡಗಿತು.

ನನಗೆ ಮುಖ್ಯವಾಗಿ ಕಾಣುವುದು ಇದು. ಹರ್ಬರ್ಟ್ ಆಗಲಿ ಅವನ ನಂತರದವರಾಗಲಿ ಹಳೆಯದನ್ನು ಕೆಡವಿ ಸಮತಟ್ಟಾದ ಜಾಗದಲ್ಲಿ ಹೊಸ ಅರಮನೆ ಕಟ್ಟಲಿಲ್ಲ. ಅದೇ ಕಾಲದ ಶ್ರೀಮಂತರು ಮಾಡುತ್ತಿದ್ದುದು ಅದನ್ನೇ. ಇಲ್ಲಿ ಮಾತ್ರ ಪ್ರತಿ ತಲೆಮಾರೂ ಅದೇ ಯುದ್ಧದ ಗೋಡೆಯೊಳಗೆ ತನ್ನ ಕಾಲದ ಸುಖವನ್ನು ತುರುಕಲು ಹೆಣಗಿದೆ. ಎಲಿಜಬೆತ್ ಕಾಲದ ಉದ್ದ ಪಡಸಾಲೆ, ಹದಿನೇಳನೆಯ ಶತಮಾನದ ರಾಜಶಯ್ಯಾಗೃಹ, ಹದಿನೆಂಟನೆಯದರ ನೃತ್ಯಶಾಲೆ, ಇಪ್ಪತ್ತನೆಯದರ ಓಕ್ ಮರದ ಬೈಠಕ್‌ಖಾನೆ, ಎಲ್ಲವೂ ಒಂದೇ ಕೋಟೆಯ ಬೆನ್ನಿಗೆ ಅಂಟಿಕೊಂಡಿವೆ. ಆ ಹೆಣಗಾಟವನ್ನು ನೋಡಬಲ್ಲವರಿಗೆ ಇಂಥ ಮನೆ ಬ್ರಿಟನ್ನಿನಲ್ಲಿ ಹೆಚ್ಚು ಸಿಗುವುದಿಲ್ಲ.

ನೋಡಿದವರು, ಓದಿದವರು ಬರೆಯಿರಿ.

ಕಾವೇರಿತೀರ

ನಿಮ್ಮ ಉತ್ಸಾಹಕ್ಕೆ ಗೌರವವಿದೆ. ಮನವಿಗೆ ಮಾತ್ರ ನನ್ನ ತಕರಾರಿದೆ. ಶ್ರೀರಂಗಪಟ್ಟಣದ ಕಡೆಯವರು ಅಲ್ಲಿಗೆ ಹೋಗುವುದೇ ಆ ವಸ್ತುಗಳಿಗಾಗಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಹುಲಿಮೊಗ ಅದು, ಚಿನ್ನದ್ದು, ಮೈತುಂಬ ಕೆಂಪು, ಹಸಿರು, ಬಿಳಿ ಹರಳು. ಸಿಂಹಾಸನದ ಕಟಾಂಜನದ ಮೇಲೆ ಅಂಥವು ಎಂಟಿದ್ದವು. ಗೆದ್ದವರು ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಪಾದಪೀಠದ ದೊಡ್ಡ ಹುಲಿತಲೆಯೂ ಮೇಲಿದ್ದ ಹುಮಾ ಪಕ್ಷಿಯೂ ವಿಂಡ್ಸರಿನ ಅರಮನೆ ಸೇರಿದವು. ಚಿಕ್ಕ ಮೊಗಗಳಲ್ಲಿ ಒಂದು ಪೊವಿಸ್‌ನಲ್ಲಿದೆ, ಕೆಲವು ಈ ಶತಮಾನದಲ್ಲೂ ಹರಾಜಿಗೆ ಬಂದಿವೆ. ಇಷ್ಟು ಗೊತ್ತಿದ್ದವನು ಅದರ ಮುಂದೆ ನಿಂತಾಗ ಮುಚ್ಚಿಗೆಯ ಗಾರೆ ಕೆಲಸ ಹೇಗಿದೆ ಎಂದು ನೋಡಲು ಮನಸ್ಸಾದರೂ ಹೇಗೆ ಬರಬೇಕು?

ಇನ್ನೊಂದು ಮಾತು. ಕಟ್ಟಡವನ್ನೂ ಲೂಟಿಯನ್ನೂ ಬೇರೆ ಬೇರೆ ಮಾಡಿ ನೋಡಿ ಎನ್ನುತ್ತಿದ್ದೀರಿ. ಆ ಮನೆ ಇವತ್ತು ನಿಂತಿರುವುದೇ ಭಾರತದ ಹಣದಿಂದ ಅಲ್ಲವೇ?

ಹಳೇಗೋಡೆ

ಬೇರೆ ಮಾಡಿ ನೋಡಿ ಎಂದು ನಾನು ಹೇಳಿಲ್ಲ, ಎರಡನ್ನೂ ನೋಡಿ ಎಂದೆ. ಹಣದ ವಿಚಾರ ನೀವೇ ಎತ್ತಿದ್ದು ಒಳ್ಳೆಯದಾಯಿತು, ಅದನ್ನು ನಿಖರವಾಗಿಯೇ ನೋಡೋಣ.

ಪೊವಿಸ್‌ನ ಗೋಡೆ, ಪಡಸಾಲೆ, ಮೆಟ್ಟಿಲು, ತೋಟದ ಮಜಲುಗಳು ಇವೆಲ್ಲ ಕ್ಲೈವ್ ಕುಟುಂಬ ಆ ಮನೆಗೆ ಕಾಲಿಡುವುದಕ್ಕೆ ಮೊದಲೇ ಇದ್ದವು. ರಾಬರ್ಟ್ ಕ್ಲೈವ್ 1774ರಲ್ಲಿ ತೀರಿಕೊಂಡ. ಅವನ ಮಗ ಎಡ್ವರ್ಡ್ 1784ರಲ್ಲಿ ಪೊವಿಸ್‌ನ ಹೆಣ್ಣುಮಗಳು ಹೆನ್ರಿಯೆಟಾ ಹರ್ಬರ್ಟಳನ್ನು ಮದುವೆಯಾದ. ಅದೇ ವರ್ಷ ಅಲ್ಲಿಗೆ ಬಂದ ಜಾನ್ ಬಿಂಗ್ ಎಂಬ ಪ್ರವಾಸಿ ಕಂಡದ್ದು ಕುಸಿಯುತ್ತಿದ್ದ ಕಟಾಂಜನಗಳನ್ನು, ಹೂಪಾತಿಗಳಲ್ಲಿ ಮೇಯುತ್ತಿದ್ದ ಕುದುರೆಗಳನ್ನು. ಹೆನ್ರಿಯೆಟಾಳ ಅಣ್ಣ 1801ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಎಡ್ವರ್ಡ್ ಕ್ಲೈವ್‌ಗೆ 1804ರಲ್ಲಿ ಪೊವಿಸ್‌ನ ಅರ್ಲ್ ಪದವಿ ಬಂತು. ಅವನ ಮಗ 1807ರಲ್ಲಿ ತಾಯಿಯ ಮನೆತನದ ಹೆಸರು ಇಟ್ಟುಕೊಂಡು ಆಸ್ತಿಗೆ ವಾರಸುದಾರನಾದ. ಆ ಮೇಲೆ, 1815ರ ಹೊತ್ತಿಗೆ, ಬ್ರಿಟಿಷ್ ಮ್ಯೂಸಿಯಂ ಕಟ್ಟಡದ ವಿನ್ಯಾಸಕನೆಂದು ಹೆಸರಾದ ರಾಬರ್ಟ್ ಸ್ಮರ್ಕ್‌ನನ್ನು ಕರೆಸಿ ದುರಸ್ತಿ ಮಾಡಿಸಿದರು.

ಆದ್ದರಿಂದ ಭಾರತದ ಹಣ ಈ ಮನೆಯನ್ನು ಕಟ್ಟಲಿಲ್ಲ, ಬೀಳದಂತೆ ತಡೆಯಿತು. ಅದರಲ್ಲೂ ರಾಬರ್ಟ್ ಕ್ಲೈವ್‌ನ ಸಂಪತ್ತು ಬಹುಪಾಲು ಬಂಗಾಳದ್ದು, ಪ್ಲಾಸಿಯ ನಂತರದ್ದು. ಮೈಸೂರಿನಿಂದ ಹೋದದ್ದು ವಸ್ತುಗಳು, ಮಗ ಎಡ್ವರ್ಡ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಕಾಲದ್ದು. ಈ ಎರಡನ್ನೂ ಕಲಸಿಬಿಟ್ಟರೆ ಬಂಗಾಳದವರಿಗೂ ನಮಗೂ ಅನ್ಯಾಯವೇ.

ಪಡಸಾಲೆ

ನಾನು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಒಂದು ಸಂದೇಹವಿದೆ. ಬ್ರಿಟನ್ನಿನ ಶ್ರೀಮಂತರ ಹಳ್ಳಿಗಾಡಿನ ಮನೆ ಎಂದರೆ ನಮಗೆ ತರಗತಿಯಲ್ಲಿ ತೋರಿಸುವುದು ನಡುವೆ ಬಾಗಿಲು, ಎಡಬಲಕ್ಕೆ ಸಮವಾದ ಕಿಟಕಿಗಳು, ಅಳತೆ ಹಿಡಿದು ಗೆರೆ ಎಳೆದಂಥ ಮುಂಭಾಗ. ವೇಲ್ಸ್‌ನಲ್ಲೇ ನ್ಯೂಪೋರ್ಟ್ ಬಳಿಯ ಟ್ರೆಡೀಗರ್ ಹೌಸ್ ಇದೆ, ಹದಿನೇಳನೆಯ ಶತಮಾನದ ಕೆಂಪು ಇಟ್ಟಿಗೆಯ ಮನೆ, ಅಚ್ಚುಕಟ್ಟಾದ ಸಮಮಿತಿ. ಪೊವಿಸ್‌ನ ಚಿತ್ರಗಳಲ್ಲಿ ಯಾವ ಕಡೆಯಿಂದ ನೋಡಿದರೂ ಸಮಮಿತಿ ಸಿಗುತ್ತಿಲ್ಲ. ಬುರುಜು ಒಂದು ಕಡೆ ಉಬ್ಬಿದೆ, ಗೋಡೆ ಮತ್ತೊಂದು ಕಡೆ ಮುರಿದಿದೆ. ಇದನ್ನು ವಿನ್ಯಾಸ ಎನ್ನಬಹುದೇ? ಅಥವಾ ಅನಿವಾರ್ಯಗಳ ಮೊತ್ತ ಎನ್ನಬೇಕೇ?

ಇನ್ನೊಂದು ಪ್ರಶ್ನೆ: ಅಷ್ಟು ದಪ್ಪದ ಕೋಟೆಗೋಡೆಯಲ್ಲಿ ಅಷ್ಟು ದೊಡ್ಡ ಕಿಟಕಿಗಳು ಹೇಗೆ ಬಂದವು?

ಹಳೇಗೋಡೆ

ಎರಡನೆಯದಕ್ಕೆ ಮೊದಲು ಉತ್ತರ. ಕೋಟೆಗೋಡೆಗೆ ಮೂಲದಲ್ಲಿ ಇದ್ದದ್ದು ಕಿಂಡಿಗಳು, ಬಾಣ ಬಿಡುವಷ್ಟು, ಹೊರಗೆ ಇಣುಕುವಷ್ಟು. ಹದಿನಾರನೆಯ ಶತಮಾನದ ಹೊತ್ತಿಗೆ ಫಿರಂಗಿ ಬಂದು, ಎತ್ತರದ ಗೋಡೆಯಿಂದ ರಕ್ಷಣೆ ಎಂಬ ನಂಬಿಕೆಯೇ ಹೋಗಿತ್ತು. ದೇಶದೊಳಗೆ ಶಾಂತಿಯೂ ಇತ್ತು. ಹಾಗಾಗಿ ಗೋಡೆ ಕೊರೆದು ಕಿಟಕಿ ಬಿಡುವ ಧೈರ್ಯ ಬಂತು. ಕಿಟಕಿಯ ಗುಳಿಯಲ್ಲಿ ನಿಂತರೆ ಇದು ಗೊತ್ತಾಗುತ್ತದೆ. ಗಾಜಿನಿಂದ ಕೋಣೆಯ ಅಂಚಿಗೆ ಬರುವಷ್ಟರಲ್ಲಿ ಒಬ್ಬ ಮನುಷ್ಯ ಆರಾಮವಾಗಿ ಕುಳಿತುಕೊಳ್ಳುವಷ್ಟು ಜಾಗವಿದೆ. ಬೆಳಕು ಆ ಗುಳಿಯ ಪಕ್ಕಗಳಿಗೆ ತಾಗಿ ಮೆತ್ತಗಾಗಿಯೇ ಒಳಗೆ ಬರುತ್ತದೆ.

ಆದರೂ ಶಾಂತಿಯ ಮೇಲಿನ ಆ ನಂಬಿಕೆ ಪೂರ್ತಿ ನಿಜವಾಗಲಿಲ್ಲ. 1644ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ನಡುವೆ, ಸರ್ ಥಾಮಸ್ ಮಿಡಲ್ಟನ್‌ನ ನೇತೃತ್ವದಲ್ಲಿ ಪಾರ್ಲಿಮೆಂಟಿನ ಸೈನ್ಯ ಇದನ್ನು ಹಿಡಿಯಿತು. ಹರ್ಬರ್ಟರಿಗೆ ಮನೆ ಮರಳಿ ಸಿಕ್ಕಿದ್ದು ರಾಜಪ್ರಭುತ್ವ ಮತ್ತೆ ಸ್ಥಾಪನೆಯಾದ ಮೇಲೆ.

ಮೊದಲ ಪ್ರಶ್ನೆಗೆ: ಅನಿವಾರ್ಯಗಳ ಮೊತ್ತ ಎಂದರೆ ನಾನು ಒಪ್ಪುವುದಿಲ್ಲ. ಒಳಗೆ ಹೋದರೆ ವಿನ್ಯಾಸ ಕಾಣುತ್ತದೆ. ಉದ್ದ ಪಡಸಾಲೆ 1592-93ರದ್ದು, ಎಲಿಜಬೆತ್ ಕಾಲದಿಂದ ಹೆಚ್ಚು ಬದಲಾಗದೆ ಉಳಿದಿರುವ ಕೋಣೆ ಇದೊಂದೇ. ಮಳೆ ಬಿಡದೆ ಸುರಿಯುವ ನಾಡಿನಲ್ಲಿ ಮನೆಯವರು ಓಡಾಡಲು, ಅತಿಥಿಗಳಿಗೆ ವಂಶದ ಹಿರಿಮೆ ತೋರಿಸಲು ಇಂಥ ಪಡಸಾಲೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ಗೋಡೆಯ ಮೇಲಂಚಿನ ಗಾರೆಯ ಪಟ್ಟಿಕೆಯಲ್ಲಿ ಹರ್ಬರ್ಟ್ ಮನೆತನದ ಲಾಂಛನಗಳು ಸಾಲಾಗಿವೆ. ಕೋಟೆಯನ್ನು ಹೊಸದಾಗಿ ಕೊಂಡವನು ತಾನು ಹಳೆಯ ಕುಲದವನು ಎಂದು ಗೋಡೆಯ ಮೇಲೆ ಬರೆಸಿಕೊಂಡದ್ದು ಹಾಗೆ.

ರಾಜಶಯ್ಯಾಗೃಹ ಇನ್ನೂ ಸ್ಪಷ್ಟ ಉದಾಹರಣೆ. 1660ರ ದಶಕದ್ದು. ಮಂಚವಿರುವ ಗೂಡಿಗೂ ಕೋಣೆಯ ಉಳಿದ ಭಾಗಕ್ಕೂ ನಡುವೆ ಕಟಾಂಜನವಿದೆ. ರಾಜ ಏಳುವುದು, ಮಲಗುವುದು ಎರಡೂ ದರ್ಬಾರಿನ ವಿಧಿಯಾಗಿದ್ದ ಫ್ರಾನ್ಸಿನ ಪದ್ಧತಿ ಅದು: ಯಾರು ಒಳಗೆ ಬರಬಹುದು, ಯಾರು ಹೊರಗೇ ನಿಲ್ಲಬೇಕು ಎಂಬುದನ್ನು ಆ ಕಟಾಂಜನವೇ ತೀರ್ಮಾನಿಸುತ್ತಿತ್ತು. ಬ್ರಿಟನ್ನಿನಲ್ಲಿ ಇಂಥದ್ದು ಉಳಿದಿರುವುದು ಪೊವಿಸ್‌ನಲ್ಲಿ ಮಾತ್ರ. ಲಂಡನ್ನಿನಿಂದ ಅಷ್ಟು ದೂರದ ಗಡಿನಾಡಿನ ಬಂಡೆಯ ಮೇಲೆ, ಕೋಟೆಯ ಮೂಲೆಯೊಂದರಲ್ಲಿ, ವರ್ಸೇಲ್ಸಿನ ನಡಾವಳಿಗೆ ಜಾಗ ಮಾಡಿದ್ದಾರೆ. ಇದನ್ನು ವಿನ್ಯಾಸ ಎನ್ನದೆ ಏನೆನ್ನೋಣ?

ದೊಡ್ಡ ಮೆಟ್ಟಿಲಸಾಲು 1670ರ ದಶಕದ್ದು. ಅದರ ಗೋಡೆಗಳ ಚಿತ್ರಗಳು ಗೆರಾರ್ಡ್ ಲ್ಯಾನ್ಸ್‌ಕ್ರೂನ್‌ನವು, ಹದಿನೆಂಟನೆಯ ಶತಮಾನದ ಆರಂಭದವು. ಮೆಟ್ಟಿಲು ಏರುತ್ತ ಹೋದಂತೆ ಕೋಟೆಯ ಬಿಗಿ ಎಲ್ಲಿ ಮಾಯವಾಯಿತು ಎಂದೇ ತಿಳಿಯುವುದಿಲ್ಲ.

ಆನಿಕೆಗೋಡೆ

ಸಿವಿಲ್ ಎಂಜಿನಿಯರ್ ಆಗಿ ನನಗೆ ಪೊವಿಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಸಾಧನೆ ಎನಿಸಿದ್ದು ಮನೆಯ ಹೊರಗಿದೆ. ಇಲ್ಲಿಯವರೆಗೆ ಯಾರೂ ಅದರ ಮಾತೆತ್ತಿಲ್ಲ: ತೋಟದ ಮಜಲುಗಳು.

ಕೋಟೆಯ ಬುಡದಿಂದ ಆಗ್ನೇಯಕ್ಕೆ ಬಂಡೆ ಕಡಿದಾಗಿ ಇಳಿಯುತ್ತದೆ. 1680ರ ದಶಕದಿಂದ ಮುಂದೆ ಆ ಇಳಿಜಾರನ್ನೇ ಕಡಿದು ಒಂದರ ಕೆಳಗೊಂದು ಉದ್ದನೆಯ ಮಜಲುಗಳನ್ನು ಮಾಡಿದರು. ವಿನ್ಯಾಸ ವಿಲಿಯಂ ವಿಂಡ್‌ನದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಟಲಿಯ ಬೆಟ್ಟದ ತೋಟಗಳ ಪದ್ಧತಿ, ಫ್ರಾನ್ಸಿನ ಒಪ್ಪ. ಈ ಮಜಲುಗಳ ಗೋಡೆಗಳು ಬರಿಯ ಮಣ್ಣು ತಡೆಯುವ ಗೋಡೆಗಳಾಗಿ ಉಳಿದಿಲ್ಲ, ಅದೇ ಅವುಗಳ ಜಾಣತನ. ಮೇಲಿನ ಮಜಲಿನ ಕೆಳಗೆ ಪಕ್ಷಿಶಾಲೆಯ ಕಮಾನುಗಳಿವೆ. ಪಕ್ಷಿಶಾಲೆಯ ಮುಂದಿನ ನೆಲವೇ ಅದರ ಕೆಳಗಿನ ಕಿತ್ತಳೆಮನೆಯ ಚಾವಣಿ. ಕಿತ್ತಳೆ, ನಿಂಬೆ ಗಿಡಗಳ ತೊಟ್ಟಿಗಳನ್ನು ಚಳಿಗಾಲದಲ್ಲಿ ಒಳಗಿಡಲು ಮಾಡಿದ ಉದ್ದನೆಯ ಕೋಣೆ ಅದು. ಹಿಂದೆ ಬೆಟ್ಟ, ಮುಂದೆ ಬಿಸಿಲು. ಆ ಚಳಿಯ ನಾಡಿನಲ್ಲಿ ಬೆಚ್ಚಗಿನ ಗಾಳಿಯನ್ನು ಹಿಡಿದಿಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮಜಲಿನ ಹಿಂಗೋಡೆಗೆ ಇಟ್ಟಿಗೆ ಬಳಸಿದ್ದಕ್ಕೂ ಲಾಭವಿದೆ: ಹಗಲಿನ ಬಿಸಿಲನ್ನು ಹೀರಿಕೊಂಡು ಸಂಜೆ ಗಿಡಗಳಿಗೆ ಹಿಂದಿರುಗಿಸುತ್ತದೆ.

ಆನಿಕೆ ಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಅದರ ಹಿಂದೆ ಕಟ್ಟಿಕೊಳ್ಳುವ ನೀರಿನಿಂದ. ವೇಲ್ಸ್‌ನ ಮಳೆಯಲ್ಲಿ ಇಂಥ ಗೋಡೆ ಮೂರು ಶತಮಾನ ದಾಟಬೇಕಾದರೆ ನೀರಿಗೆ ದಾರಿ ಇರಲೇಬೇಕು. ಸುಣ್ಣದ ಗಾರೆಯ ಸಂದುಗಳು ಉಸಿರಾಡುತ್ತವೆ, ತೇವ ಅಲ್ಲಿಂದ ನಿಧಾನವಾಗಿ ಹೊರಬರುತ್ತದೆ. ಅಂಥ ಸಂದಿಗೆ ಸಿಮೆಂಟ್ ತುಂಬಿದರೆ ತೇವ ಇಟ್ಟಿಗೆಯ ಮೈಯಿಂದಲೇ ಹೊರಬರಬೇಕಾಗುತ್ತದೆ, ಹಿಮಗಟ್ಟಿದಾಗ ಇಟ್ಟಿಗೆಯ ಮುಖವೇ ಸಿಡಿದು ಉದುರುತ್ತದೆ. ಹಳೆಯ ಕಟ್ಟಡ ದುರಸ್ತಿ ಮಾಡುವವರೆಲ್ಲ ಈ ಮಾತು ನೆನಪಿಟ್ಟುಕೊಳ್ಳಬೇಕು. ನಮ್ಮ ಕೋಟೆಗಳ ಗೋಡೆಗೆ ಸಿಮೆಂಟ್ ಮೆತ್ತುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೇಲಿಗಿಡ

ಮಜಲುಗಳ ಮಾತು ಬಂದದ್ದರಿಂದ ಗಿಡದವಳಾದ ನಾನೂ ಬರೆಯಬೇಕು. ಪೊವಿಸ್‌ನ ಯೂ ಎಂಬ ಸೂಜಿಯೆಲೆಯ ಮರಗಳನ್ನು ಬಿಟ್ಟು ಅಲ್ಲಿನ ವಾಸ್ತುವಿನ ಬಗ್ಗೆ ಮಾತನಾಡಲಾಗುವುದಿಲ್ಲ.

ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ನೆಟ್ಟಾಗ ಅವು ಚಿಕ್ಕ ಚಿಕ್ಕ ಗೋಪುರಗಳಂತೆ ಕತ್ತರಿಸಿದ ಗಿಡಗಳು, ಅಂದಿನ ಫ್ಯಾಶನ್ನಿಗೆ ತಕ್ಕಂತೆ. ಆಮೇಲೆ ಫ್ಯಾಶನ್ ಬದಲಾಯಿತು, ಕತ್ತರಿ ನಿಂತಿತು, ಅವು ಮನಸ್ಸಿಗೆ ಬಂದಂತೆ ಬೆಳೆದವು. ಮತ್ತೆ ಕತ್ತರಿ ಹಿಡಿದವರು ಅವುಗಳನ್ನು ಮೊದಲಿನ ಆಕಾರಕ್ಕೆ ತರಲು ಹೋಗಲಿಲ್ಲ, ಬೆಳೆದ ಉಬ್ಬುತಗ್ಗುಗಳನ್ನೇ ಅನುಸರಿಸಿ ಕತ್ತರಿಸಿದರು. ಹಾಗಾಗಿ ಇಂದು ಅವು ಪಾಕ ಕೆಟ್ಟು ಉಕ್ಕಿದ ಬೆಲ್ಲದಂತೆ ಮಜಲಿನ ಗೋಡೆಗಳ ಮೇಲಿಂದ ಕೆಳಗಿಳಿದಿವೆ. ಗೋಡೆ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂಬುದು ಕೆಲವು ಕಡೆ ಗೊತ್ತೇ ಆಗುವುದಿಲ್ಲ. ಮುಂಚೆ ಏಣಿ ಕಟ್ಟಿ ಕೈಕತ್ತರಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರದ ತೊಟ್ಟಿಲಿನಲ್ಲಿ ನಿಂತು ಮಾಡುತ್ತಾರೆ. ಆದರೂ ಪ್ರತಿ ಶರತ್ಕಾಲದಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಸೂಜಿಯೆಲೆಯ ಬೇರೆ ಬಹುಪಾಲು ಮರಗಳು ಹಳೆಯ ಕೊಂಬೆಯವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದಿಲ್ಲ. ಯೂ ಚಿಗುರುತ್ತದೆ. ಅದರಿಂದಲೇ ಇಷ್ಟು ಕಾಲ ಕತ್ತರಿಯನ್ನು ತಾಳಿಕೊಂಡಿದೆ.

ಈ ಮಜಲುಗಳು ಉಳಿದದ್ದು ಹೇಗೆ ಎಂಬುದೂ ಯೋಚಿಸಬೇಕಾದ ಸಂಗತಿ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಾದ್ಯಂತ ಗೆರೆ ಎಳೆದ ತೋಟಗಳನ್ನು ಅಳಿಸಿ ಹುಲ್ಲುಗಾವಲು, ಕೆರೆ, ಮರಗಳ ಗುಂಪು ಮಾಡುವ ಹುಚ್ಚು ಹಬ್ಬಿತ್ತು. ಪೊವಿಸ್‌ಗೂ 1770ರ ದಶಕದಲ್ಲಿ ಆ ಪಂಥದ ವಿಲಿಯಂ ಎಮ್ಸ್ ಬಂದ, ಸುತ್ತಲ ಉದ್ಯಾನವನ್ನು ಬದಲಾಯಿಸಿದ. ಆದರೆ ಬಂಡೆಯಲ್ಲಿ ಕಡಿದ ಮಜಲುಗಳನ್ನು ಅಳಿಸಲು ಬೇಕಾದಷ್ಟು ದುಡ್ಡನ್ನು ಖರ್ಚು ಮಾಡುವ ಸ್ಥಿತಿಯಲ್ಲಿ ಮನೆಯವರು ಇರಲಿಲ್ಲ. ಕೆಳಗೆ ಸಮತಟ್ಟಿನಲ್ಲಿದ್ದ ಜಲೋದ್ಯಾನ ಮುಂದೆ ಹೋಯಿತು, ಈಗ ಅಲ್ಲಿ ಹುಲ್ಲುಹಾಸು ಮಾತ್ರ ಇದೆ. ಹೂತೋಟದ ಕೆಳಭಾಗ ಇಂದಿನ ರೂಪ ಪಡೆದದ್ದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ನಾಲ್ಕನೆಯ ಅರ್ಲ್‌ನ ಪತ್ನಿ ವಯೊಲೆಟ್ ಮುತುವರ್ಜಿಯಿಂದ ಮಾಡಿಸಿದ್ದು.

ಮಜಲಿನ ಕಟಾಂಜನದ ಮೇಲೆ ನಿಂತಿರುವ ಸೀಸದ ಕುರಿಗಾಹಿ ಗೊಂಬೆಗಳನ್ನು ಹತ್ತಿರದಿಂದ ನೋಡಿ. ಜಾನ್ ವಾನ್ ನಾಸ್ಟ್‌ನ ಕಾರ್ಖಾನೆಯವು. ಸೀಸ ಮೆತ್ತನೆಯ ಲೋಹ, ತನ್ನದೇ ಭಾರಕ್ಕೆ ಕಾಲಕ್ರಮೇಣ ಕಾಲ ಬಳಿ ಕುಸಿಯುತ್ತದೆ. ಒಳಗೆ ಆಸರೆ ಇಲ್ಲದಿದ್ದರೆ ನಿಲ್ಲುವುದಿಲ್ಲ.

ಸುಣ್ಣದಗೂಡು

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಒಂದು ಅಸಮಾಧಾನ ಹೇಳಬೇಕು. ಮನೆಯ ಒಳಗೆ ನೀವು ಹಳೆಯದೆಂದು ನೋಡುವ ಎಷ್ಟೋ ಭಾಗ 1902ರ ಆಸುಪಾಸಿನದು. ನಾಲ್ಕನೆಯ ಅರ್ಲ್ ಜಾರ್ಜ್ ಹರ್ಬರ್ಟ್ ಆಗಿನ ಹೆಸರಾಂತ ವಾಸ್ತುಶಿಲ್ಪಿ ಜಿ. ಎಫ್. ಬಾಡ್ಲಿಯನ್ನು ಕರೆಸಿದ. ಬಾಡ್ಲಿ ಚರ್ಚುಗಳ ಕೆಲಸದಲ್ಲಿ ಪಳಗಿದವನು. ಊಟದ ಮನೆ, ಓಕ್ ಬೈಠಕ್‌ಖಾನೆಗಳಿಗೆ ಮುನ್ನೂರು ವರ್ಷ ಹಿಂದಿನ ಶೈಲಿಯ ಗಾರೆ ಮುಚ್ಚಿಗೆ ಹಾಕಿಸಿದ, ಮರದ ಹಲಗೆ ಹೊದಿಸಿದ. ಅದಕ್ಕೆ ಮುಂಚೆ ಅಲ್ಲಿದ್ದ ಹದಿನೆಂಟನೆಯ ಶತಮಾನದ ಕೆಲಸ ಹೋಯಿತು. ಪದರ ಪದರವಾಗಿ ಉಳಿಸಿಕೊಂಡ ಮನೆ ಎಂದು ಹಳೇಗೋಡೆಯವರು ಹೇಳುತ್ತಾರೆ. ಒಂದು ಪದರವನ್ನು ಕಿತ್ತು ಹಾಕಿ ಅದಕ್ಕಿಂತ ಹಳೆಯದರಂತೆ ಕಾಣುವ ಹೊಸದನ್ನು ಹಚ್ಚಿದರೆ ನೋಡುವವನಿಗೆ ಕಾಲದ ಲೆಕ್ಕವೇ ತಪ್ಪುತ್ತದೆ. ದುರಸ್ತಿಯ ಕೆಲಸ ಮಾಡುವವನಾಗಿ ನನಗೆ ಇದು ಒಪ್ಪಿಗೆಯಿಲ್ಲ.

ಹಳೇಗೋಡೆ

ನಿಮ್ಮ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಬಾಡ್ಲಿಯ ಕೋಣೆಗಳಲ್ಲಿ ಅವನ ಕೈಕೆಲಸವನ್ನು ಮೂಲದ್ದೆಂದು ಭ್ರಮಿಸುವುದು ಸುಲಭ. ಆದರೆ ಕೆಲಸದ ಗುಣ ನೋಡಿ. ಉದ್ದ ಪಡಸಾಲೆಯ ಗಾರೆಯನ್ನು ನೋಡಿ ಬಂದು ಊಟದ ಮನೆಯ ಮುಚ್ಚಿಗೆಯ ಕೆಳಗೆ ನಿಂತರೆ ವ್ಯತ್ಯಾಸ ಕಾಣುತ್ತದೆ. ಮೊದಲನೆಯದರಲ್ಲಿ ಕೈ ನಡುಗಿದೆ, ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಎರಡನೆಯದು ಅಳತೆಪಟ್ಟಿ ಹಿಡಿದಷ್ಟು ನೇರ. ಇಪ್ಪತ್ತನೆಯ ಶತಮಾನ ತನ್ನನ್ನು ಮುಚ್ಚಿಟ್ಟುಕೊಳ್ಳಲು ಅಲ್ಲಿ ಯತ್ನಿಸಿಲ್ಲ ಎಂದೇ ನನ್ನ ಅಭಿಪ್ರಾಯ. ವಿದ್ಯುದ್ದೀಪದ ಬೆಳಕಿನಲ್ಲಿ ಬದುಕಿದ ಕುಟುಂಬವೊಂದು ತನ್ನ ಪೂರ್ವಜರ ಮನೆ ಹೇಗಿದ್ದಿರಬಹುದು ಎಂದು ಕಲ್ಪಿಸಿಕೊಂಡ ಬಗೆ ಅದು.

ಆ ಕುಟುಂಬದ ಮುಂದಿನ ಕಥೆಯೂ ಆ ಕೋಣೆಗಳಿಗೆ ಅಂಟಿಕೊಂಡಿದೆ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಮೊದಲ ಮಹಾಯುದ್ಧದಲ್ಲಿ, ಇನ್ನೊಬ್ಬ ಎರಡನೆಯದರಲ್ಲಿ ಪ್ರಾಣಬಿಟ್ಟ. 1952ರಲ್ಲಿ ಅರ್ಲ್ ತೀರಿಕೊಂಡಾಗ ಕೋಟೆಯನ್ನು ಹಳೆಯ ಮನೆ, ತೋಟಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದ. ಆ ಹೊತ್ತಿಗೆ ಬ್ರಿಟನ್ನಿನ ಊರೂರಲ್ಲಿ ಇಂಥ ಮನೆಗಳನ್ನು ಕೆಡವುತ್ತಿದ್ದರು ಎಂಬುದನ್ನೂ ನೆನೆಯಬೇಕು.

ಪಡಸಾಲೆ

ಇದೇ ನೆಪದಲ್ಲಿ ಬ್ಯಾಂಗರ್ ಬಳಿಯ ಪೆನ್ರಿನ್ ಕೋಟೆಯನ್ನೂ ಹೋಲಿಸಬಹುದೇ? ಅದೂ ವೇಲ್ಸ್, ಅದೂ ಕೋಟೆಯ ರೂಪದ ಮನೆ, ಅದೂ ವಸಾಹತಿನ ಹಣ.

ಹಳೇಗೋಡೆ

ಹೋಲಿಸಬಹುದು, ಉಪಯೋಗವೂ ಇದೆ. ಪೆನ್ರಿನ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಥಾಮಸ್ ಹಾಪರ್ ಕಟ್ಟಿದ್ದು, ನಾರ್ಮನ್ ಕೋಟೆಯ ವೇಷದಲ್ಲಿ. ಹಣ ಜಮೈಕಾದ ಸಕ್ಕರೆ ತೋಟಗಳದ್ದು, ಸ್ಲೇಟ್ ಗಣಿಗಳದ್ದು. ಅಲ್ಲಿ ಯುದ್ಧ ಎಂದೂ ನಡೆಯದ ಜಾಗದಲ್ಲಿ ಯುದ್ಧದ ಗೋಡೆ ಎದ್ದಿತು. ಪೊವಿಸ್‌ನಲ್ಲಿ ನಿಜವಾದ ಯುದ್ಧದ ಗೋಡೆ ಮನೆಯಾಗಿ ಪಳಗಿತು. ಎರಡನ್ನೂ ನೋಡಿದವರಿಗೆ ಕಲ್ಲಿನ ಮೈಯಲ್ಲೇ ಈ ವ್ಯತ್ಯಾಸ ಸಿಗುತ್ತದೆ. ಪೊವಿಸ್‌ನ ನಿಜವಾದ ನೆಂಟ ಎಂದರೆ ಚರ್ಕ್ ಕೋಟೆ, ಅದೂ ಹದಿಮೂರನೆಯ ಶತಮಾನದ ಕೊನೆಯಲ್ಲಿ ಶುರುವಾಗಿ ಜನವಾಸ ತಪ್ಪದೆ ಉಳಿದ ಕೋಟೆ.

ಕಾವೇರಿತೀರ

ಮಜಲು, ಮುಚ್ಚಿಗೆಗಳ ಬಗ್ಗೆ ಓದಿ ಬಹಳ ತಿಳಿದುಕೊಂಡೆ. ಈಗ ನನ್ನ ಕಡೆಯಿಂದ ಒಂದಿಷ್ಟು.

ಹೆನ್ರಿಯೆಟಾ ಬರಿಯ ವಾರಸುದಾರಿಣಿಯಾಗಿ ಪೊವಿಸ್‌ನಲ್ಲಿ ಕುಳಿತವಳಲ್ಲ. 1800ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಇಟಾಲಿಯನ್ ಶಿಕ್ಷಕಿ, ಚಿತ್ರಕಾರ್ತಿ ಅನ್ನಾ ಟೊನೆಲ್ಲಿಯನ್ನೂ ಕಟ್ಟಿಕೊಂಡು ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ನೋಡಿ, ತಿಂಗಳುಗಟ್ಟಲೆ ಸುತ್ತಿ ಹಿಂತಿರುಗಿದವಳು. ಟಿಪ್ಪು ಸತ್ತು ಆಗಿನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ. ಕಿರಿಯ ಮಗಳು ಷಾರ್ಲೆಟ್ ಆ ಪ್ರಯಾಣದ ದಿನಚರಿ ಬರೆದಿಟ್ಟಳು. ಹಳೇಗೋಡೆಯವರು ಹೇಳಿದ 1784ರಲ್ಲಿ, ಎಡ್ವರ್ಡ್ ಹೆನ್ರಿಯೆಟಾರ ಮದುವೆ ನಡೆದು ಪೊವಿಸ್‌ನ ಮಜಲುಗಳಲ್ಲಿ ಕುದುರೆ ಮೇಯುತ್ತಿದ್ದ ಅದೇ ವರ್ಷದಲ್ಲಿ, ಟಿಪ್ಪು ನಮ್ಮ ದರಿಯಾ ದೌಲತ್ ಕಟ್ಟಿಸಿದ. ತೇಗದ ಕಂಬ, ಗೋಡೆತುಂಬ ಚಿತ್ರ, ಸುತ್ತ ತೋಟ. ಎರಡು ಮನೆಗಳೂ ಒಂದೇ ಕಥೆಯೊಳಗೆ ಬರುತ್ತವೆಂದು ಆಗ ಯಾರಿಗೆ ಗೊತ್ತಿತ್ತು?

ಗುಡಾರದ ವಿಚಾರ. ಬಿಳಿಯ ಹತ್ತಿಬಟ್ಟೆಯ ಮೇಲೆ ಹೂದಾನಿ, ಹೂಬಳ್ಳಿ ಬಿಡಿಸಿ ಬಣ್ಣ ಹಾಕಿದ ಚೀಟಿ ಬಟ್ಟೆಯದು. ಬಟ್ಟೆ ಟಿಪ್ಪುವಿನ ಕಾಲಕ್ಕಿಂತ ಹಳೆಯದು, ಹದಿನೆಂಟನೆಯ ಶತಮಾನದ ಮೊದಲರ್ಧದ್ದು. ವಾಸ್ತುಶಿಲ್ಪದ ಚರ್ಚೆ ಎಂದಮೇಲೆ ಅದನ್ನೂ ಸೇರಿಸಿಕೊಳ್ಳಿ, ಏಕೆಂದರೆ ಅದೂ ಒಂದು ಮನೆಯೇ: ಗೋಡೆ ಇದೆ, ಚಾವಣಿ ಇದೆ, ಒಳಗೆ ನಿಂತರೆ ಸುತ್ತ ಹೂತೋಟವಿದೆ. ಪೊವಿಸ್‌ನವರು ಅದನ್ನು ತೋಟದ ಕೂಟಗಳಿಗೆ ಚಪ್ಪರವಾಗಿ ಬಳಸಿದರು. ಒಬ್ಬ ಸುಲ್ತಾನನ ಗುಡಾರವನ್ನು ತಿಂಡಿ ಕೂಟದ ಚಪ್ಪರ ಮಾಡಿದ್ದನ್ನು ಯಾವ ಮುಚ್ಚಿಗೆಯ ಅಂದವೂ ಮರೆಸುವುದಿಲ್ಲ. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಭಾರತೀಯ ಬಟ್ಟೆಗಳ ಪ್ರದರ್ಶನದಲ್ಲಿ ಅದನ್ನು ನಿಲ್ಲಿಸಿತ್ತು. ಪ್ರದರ್ಶನಕ್ಕೆ ಲಂಡನ್ನಿಗೆ ಹೋಗಬಲ್ಲ ಗುಡಾರ ಶ್ರೀರಂಗಪಟ್ಟಣಕ್ಕೆ ಒಮ್ಮೆ ಏಕೆ ಬರಬಾರದು?

ಬೇಲಿಗಿಡ

ಷಾರ್ಲೆಟ್ ಕ್ಲೈವ್ ಮುಂದೆ ನಾರ್ತಂಬರ್ಲೆಂಡಿನ ಡಚೆಸ್ ಆದಳು, ರಾಣಿಯಾಗುವ ಮುಂಚಿನ ವಿಕ್ಟೋರಿಯಾಳ ಶಿಕ್ಷಣದ ಹೊಣೆ ಹೊತ್ತಿದ್ದಳು. ಬೆಂಗಳೂರಿನ ಎಷ್ಟೋ ಮನೆಗಳ ನೆರಳಿನ ಕುಂಡದಲ್ಲಿ ಕಿತ್ತಳೆ ಹೂ ಬಿಡುವ ಕ್ಲೈವಿಯಾ ಗಿಡಕ್ಕೆ ಆ ಹೆಸರು ಬಂದದ್ದು ಅವಳಿಂದಲೇ.

ಆನಿಕೆಗೋಡೆ

ಕಾವೇರಿತೀರ ಅವರ ಬೇಡಿಕೆಗೆ ನನ್ನ ಸಂಪೂರ್ಣ ಬೆಂಬಲವಿದೆ. ತಾಂತ್ರಿಕವಾಗಿ ಕಷ್ಟ ಎಂಬುದು ನೆಪವಾಗಬಾರದು. ಹಳೆಯ ಹತ್ತಿಬಟ್ಟೆಗೆ ಬೇಕಾದದ್ದು ಮಂದ ಬೆಳಕು, ಏರಿಳಿಯದ ತೇವಾಂಶ, ನೇತುಹಾಕಿದಾಗ ಎಳೆತ ಬೀಳದ ಆಸರೆ. ಇಷ್ಟನ್ನು ಒದಗಿಸುವ ಕಟ್ಟಡ ಮೊದಲು ನಮ್ಮಲ್ಲಿ ಇರಬೇಕು. ಕೇಳುವುದರ ಜೊತೆಗೆ ಅದನ್ನೂ ಕಟ್ಟೋಣ.

ಸುಣ್ಣದಗೂಡು

ಟ್ರಸ್ಟ್ ತನ್ನ ಮನೆಗಳಿಗೂ ವಸಾಹತುಶಾಹಿ, ಗುಲಾಮಗಿರಿಗಳಿಗೂ ಇರುವ ನಂಟಿನ ಬಗ್ಗೆ 2020ರಲ್ಲಿ ವರದಿ ಹೊರಡಿಸಿತು, 93 ಸ್ಥಳಗಳ ಹೆಸರು ಅದರಲ್ಲಿದೆ, ಪೊವಿಸ್ ಕೂಡ. ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ಹೇಳಿದ್ದಕ್ಕೆ ಅವರ ಮೇಲೆ ಬಿದ್ದವರೂ ಇದ್ದಾರೆ ಎಂಬುದನ್ನು ನಾವು ಗಮನಿಸಬೇಕು.

ಕಟ್ಟಡದ ದೃಷ್ಟಿಯಿಂದ ಒಂದು ಸಂಗತಿ ಸೇರಿಸುತ್ತೇನೆ. ಕ್ಲೈವ್ ಸಂಗ್ರಹಾಲಯ 1987ರಲ್ಲಿ ತೆರೆದದ್ದು ನೃತ್ಯಶಾಲೆಯ ಸಾಲಿನಲ್ಲಿ. ಹೊರ ಅಂಗಳದ ಒಂದು ಪಕ್ಕವನ್ನು ತುಂಬಿರುವ ಆ ಸಾಲನ್ನು 1770ರ ದಶಕದಲ್ಲಿ ರೂಪಿಸಿದವನು ಶ್ರೂಸ್‌ಬರಿಯ ಥಾಮಸ್ ಫಾರ್ನಲ್ಸ್ ಪ್ರಿಚರ್ಡ್, ಜಗತ್ತಿನ ಮೊದಲ ದೊಡ್ಡ ಕಬ್ಬಿಣದ ಸೇತುವೆಯ ವಿನ್ಯಾಸಕ. ಹಾಗಾಗಿ ಹುಲಿಮೊಗ ನೋಡಲು ಹೋದವರು ಗೊತ್ತಿಲ್ಲದೆಯೇ ಆ ಮನೆಯ ಒಂದು ಮುಖ್ಯ ಭಾಗದೊಳಗೆ ನಿಂತಿರುತ್ತಾರೆ.

ಪಡಸಾಲೆ

ಅದೇ ಅಂಗಳದಲ್ಲಿ ರೆಕ್ಕೆಯ ಕುದುರೆಯ ಮೇಲೆ ಕುಳಿತ ಸೀಸದ ಪ್ರತಿಮೆಯ ಚಿತ್ರ ನೋಡಿದೆ. ಅದು ಮೂಲದಿಂದಲೇ ಅಲ್ಲಿದ್ದದ್ದೇ?

ಹಳೇಗೋಡೆ

ಕೀರ್ತಿದೇವತೆ ಪೆಗಸಸ್ ಏರಿರುವುದು. ಫ್ರಾನ್ಸಿನ ಮಾರ್ಲಿ ಅರಮನೆಗಾಗಿ ಕೊಯ್ಸೆವೊ ಕಡೆದ ಅಮೃತಶಿಲೆಯ ಶಿಲ್ಪವನ್ನು ನೋಡಿ ಮಾಡಿದ್ದು. ಕೆಳಗಿನ ಜಲೋದ್ಯಾನ ಇದ್ದ ಕಾಲದ ಅಭಿರುಚಿಯದು. ಅದರ ಬಳಿ ನಿಂತು ಎದುರಿಗಿರುವ ಜೋಡಿ ದುಂಡು ಬುರುಜುಗಳ ಹೆಬ್ಬಾಗಿಲನ್ನು ನೋಡಿದರೆ ನೀವು ಮೊದಲು ಕೇಳಿದ ಸಮಮಿತಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮನೆಯಲ್ಲಿ ಹೆಚ್ಚು ಕಡಿಮೆ ಸಮಮಿತಿಯಿರುವ ಏಕೈಕ ಭಾಗ ಆ ಬಾಗಿಲು, ಅದೂ ಬಂದವನನ್ನು ಎರಡು ಕಡೆಯಿಂದ ಹೊಡೆಯಲು ಅನುಕೂಲವಾಗಲಿ ಎಂದು.

ಕಾವೇರಿತೀರ

ಮುಂದಿನ ಬಾರಿ ಹೋಗುವವರಿಗೆ ದಾರಿ ಹೇಳಿ. ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ? ಮಜಲು, ಮೆಟ್ಟಿಲು ಎಂದು ಓದಿ ಸ್ವಲ್ಪ ಅಂಜಿಕೆಯಾಗಿದೆ.

ಬೇಲಿಗಿಡ

ರೈಲಿನಲ್ಲಿ ಬರ್ಮಿಂಗ್‌ಹ್ಯಾಂ, ಶ್ರೂಸ್‌ಬರಿ ದಾಟಿ ಆಬರಿಸ್ಟ್‌ವಿತ್ ಕಡೆಗೆ ಹೋಗುವ ಮಾರ್ಗದಲ್ಲಿ ವೆಲ್ಷ್‌ಪೂಲ್ ಇಳಿಯಿರಿ. ಪಟ್ಟಣದಿಂದ ಕೋಟೆಗೆ ಜಿಂಕೆವನದ ನಡುವೆ ಏರುದಾರಿ ಇದೆ, ನಡೆಯಬಲ್ಲವರಿಗೆ ಅದೇ ಚೆಂದ. ಆಗದವರು ಟ್ಯಾಕ್ಸಿ ಹಿಡಿಯುವುದು ಮೇಲು. ಮನೆಯ ಒಳಗೆ ಮೆಟ್ಟಿಲು ಹೆಚ್ಚು, ಮಜಲುಗಳ ನಡುವೆ ಕಡಿದಾದ ದಾರಿಗಳಿವೆ, ಮಳೆ ಬಂದರೆ ಜಾರುತ್ತದೆ. ಮೊಣಕಾಲು ನೋವಿರುವವರನ್ನು ಮೇಲಿನ ಮಜಲಿನಲ್ಲೇ ಕೂರಿಸಿ, ಕಣಿವೆಯ ನೋಟ ಅಲ್ಲಿಂದಲೇ ಚೆನ್ನಾಗಿದೆ. ಕೋಟೆಯ ಒಳಭಾಗವೂ ತೋಟವೂ ತೆರೆದಿರುವ ವೇಳೆ ಋತುವಿಗೆ ತಕ್ಕಂತೆ ಬೇರೆ ಬೇರೆ ಇರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ಸಂಗ್ರಹಾಲಯದ ಕೋಣೆಯಲ್ಲಿ ಬೆಳಕು ಮಂದ, ಚಿಕ್ಕ ಅಕ್ಷರದ ಫಲಕ ಓದಲು ಕನ್ನಡಕ ಮರೆಯಬೇಡಿ.